ಮೂರು ಸೆಲ್ಲಿನ ಕಂಪ್ಯೂಟರ್

ಇಲ್ಲಿ ಹೈದರಾಬಾದಲ್ಲಿ ಹೊಸ ಲ್ಯಾಪ್‌ಟಾಪ್ ತಗೊಳ್ಳೋವಾಗ ನಾವೆಲ್ಲ ಕೇಳೋದು ಒಂದೇ: ಸ್ಪೀಡ್ ಬೇಕಾ, ಬ್ಯಾಟರಿ ಬೇಕಾ? ಪ್ರಶ್ನೆ ಹಳೇದು.

2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಕೈಯಲ್ಲಿ ಹಿಡಿಯುವ ಸಿಂಪ್ಯೂಟರ್ ತಂದರು. ಆಗಲೇ ಡೆಸ್ಕ್‌ಟಾಪ್ ಚಿಪ್‌ಗಳು 1 ಗಿಗಾಹರ್ಟ್ಸ್ ದಾಟಿದ್ದವು. ಇವರು ಆರಿಸಿದ್ದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್. ಯಾಕೆ? ಕರೆಂಟ್ ನೆಚ್ಚಿಕೊಳ್ಳಲಾಗದ ಹಳ್ಳೀಲೂ ಅದು ಮೂರು ಸಣ್ಣ ಸೆಲ್ಲಿನಲ್ಲಿ ನಡೀಬೇಕಿತ್ತು. ಚಿಪ್ಪಿನ ವೇಗ ಏರಿಸೋಕೆ ವೋಲ್ಟೇಜೂ ಏರಿಸಬೇಕು. ವೋಲ್ಟೇಜ್ ಎರಡು ಪಟ್ಟಾದ್ರೆ, ವೇಗ ಅಷ್ಟೇ ಇದ್ರೂ, ವಿದ್ಯುತ್ ಖರ್ಚು ನಾಲ್ಕು ಪಟ್ಟು.

ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ಗೆಲ್ಲಲಿಲ್ಲ. ಆದ್ರೆ 2020ರಲ್ಲಿ ಅದೇ ಆರ್ಮ್ ವಂಶದ ಆಪಲ್ ಎಂ1 ಲ್ಯಾಪ್‌ಟಾಪಿಗೆ ಬಂದು ವೇಗ, ಬ್ಯಾಟರಿ ಎರಡನ್ನೂ ಕೊಟ್ಟಿತು.

ಹಾಗಾಗಿ ಬೆಂಚ್‌ಮಾರ್ಕ್ ನೋಡೋ ಮೊದಲು ಸಿಂಪ್ಯೂಟರ್ ಮಾಡಿದವರ ಹಾಗೆ ಕೇಳಿಕೊಳ್ಳಿ: ಪ್ಲಗ್ ಇಲ್ಲದ ಕಡೆ ಎಷ್ಟು ಹೊತ್ತು ಕೆಲಸ ಮಾಡಬೇಕು?