ಬಿಡುಗಡೆಯಾದ ಮೇಲಿನ ಕೆಲಸ

2011ರ ಫೆಬ್ರವರಿ 6ರಂದು ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಆರನೆಯ ಆವೃತ್ತಿ ಬಿಡುಗಡೆಯಾಯಿತು. ‘ಸ್ಕ್ವೀಜ್’ ಎಂದು ಅದರ ಹೆಸರು. (1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆಯ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಚಲನಚಿತ್ರದ ಪಾತ್ರಗಳ ಹೆಸರಿಡುವುದು ವಾಡಿಕೆ!) ಕಂಪ್ಯೂಟರಿಗೆ ಅದನ್ನು ಅಳವಡಿಸುವಾಗ ಎಪ್ಪತ್ತು ಭಾಷೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಾಗಿತ್ತು. ತೆಲುಗು, ಸಿಂಹಳ, ಲಾವೊ ಭಾಷೆಗಳೊಡನೆ ಕನ್ನಡವೂ ಆ ಸಲ ಹೊಸದಾಗಿ ಸೇರಿತು. ಆದರೆ ಚಿತ್ರರೂಪದ ಪರದೆಯಲ್ಲಿ ಮಾತ್ರ. ನಮ್ಮ ಗುಣಿತ, ಒತ್ತಕ್ಷರಗಳನ್ನು ಕೂಡಿಸಿ ತೋರಿಸುವ ಶಕ್ತಿ ಬರಿಯ ಅಕ್ಷರಪರದೆಗಿಲ್ಲ.

ಇಷ್ಟಾದರೆ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಅಲ್ಲವೆಂದು ಹೇಳಿದವನು ಹಿರಿಯೂರಿನ ನನ್ನ ಹಳೆಯ ವಿದ್ಯಾರ್ಥಿ, ಆಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದವನು. ಮೂಲದ ಇಂಗ್ಲಿಷ್ ವಾಕ್ಯ ಕೊಂಚ ಬದಲಾದರೂ ಅದರ ಅನುವಾದಕ್ಕೆ ಸಂಶಯದ ಗುರುತು ಬೀಳುತ್ತದೆ. ಯಾರಾದರೂ ನೋಡಿ ಸರಿಪಡಿಸುವವರೆಗೆ ಆ ಜಾಗದಲ್ಲಿ ಇಂಗ್ಲಿಷೇ ಕಾಣುತ್ತದೆ. ಆ ವರ್ಷಗಳಲ್ಲಿ ಇಷ್ಟೂ ಭಾಷೆಗಳವರನ್ನು ಎಚ್ಚರಿಸುತ್ತ, ಗಡುವು ತಿಳಿಸುತ್ತ ಅನುವಾದದ ಸಂಯೋಜನೆ ಮಾಡುತ್ತಿದ್ದವರು ಫ್ರಾನ್ಸಿನ ಕ್ರಿಶ್ಚಿಯನ್ ಪೆರಿಯೆ. ಸಂಬಳವಿಲ್ಲದ ಕೆಲಸಗಾರರಿಂದ ಗಡುವಿನೊಳಗೆ ಕೆಲಸ ಪಡೆಯುವುದು ಎಷ್ಟು ಕಷ್ಟವೆಂಬುದು ಶಾಲಾ ವಾರ್ಷಿಕೋತ್ಸವ ನಡೆಸಿದವರಿಗೆಲ್ಲ ಗೊತ್ತು.

ಉದಾಸೀನ ಮಾಡಿದರೆ? 2009ರ ‘ಲೆನ್ನಿ’ ಆವೃತ್ತಿಯಲ್ಲಿ ಎಸ್ಟೋನಿಯನ್ ಭಾಷೆಯನ್ನು ಕೈಬಿಡಲಾಯಿತು. ಕಾರಣ ಬೇರೇನೂ ಅಲ್ಲ, ಅನುವಾದವನ್ನು ಕಾಲಕಾಲಕ್ಕೆ ಪರಿಷ್ಕರಿಸಿರಲಿಲ್ಲ. ಒಂದು ದೇಶದ ರಾಜಭಾಷೆಯ ಗತಿ ಇದು. 2011ರಲ್ಲಿ ಕನ್ನಡ ಸೇರಿದಾಗಲೇ ಅದೂ ಮರಳಿ ಬಂದಿತು.

ಆದ್ದರಿಂದ ನಾವು ಐವರು ಕೂಡಿದೆವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮೂವರು ಹಳೆಯ ವಿದ್ಯಾರ್ಥಿಗಳು, ಚಿತ್ರದುರ್ಗದ ನನ್ನ ಅಳಿಯ, ನಾನು. ಪರದೆಯ ಮೇಲಿನ ವಾಕ್ಯಗಳನ್ನು ಓದಿ, ಸಾಮಾನ್ಯನಿಗೆ ಅರ್ಥವಾಗದ್ದನ್ನು ಗುರುತಿಸಿ, ಹಿರಿಯೂರಿನವನಿಗೆ ಒಪ್ಪಿಸುವುದು. ಅವನು ಅನುವಾದಕರಿಗೆ ಕಳುಹಿಸುವುದು.

ನನ್ನ ಪಾಂಡಿತ್ಯದ ಪರೀಕ್ಷೆ ನಡೆದದ್ದು ಅಲ್ಲಿ. ಸಂಸ್ಕೃತ ಪದವೇಕೆ, ‘ತೆಗೆಯಿರಿ’ ಎಂಬ ಸರಳ ಮಾತು ಸಾಲದೇ ಎಂದು ಒಂದೆಡೆ ಬರೆದಿದ್ದೆ. ಹೊಸದುರ್ಗದವನು ಕೂಡಲೇ ಕೇಳಿದ: “ಮೇಷ್ಟ್ರೇ, ಬಾಗಿಲು ತೆಗೆ ಅಂದ್ರೆ ತೆರೆಯೋದು, ಕಸ ತೆಗೆ ಅಂದ್ರೆ ಎಸೆಯೋದು. ಡಿಸ್ಕಿನ ಭಾಗ ತೆಗೆ ಅಂದ್ರೆ ಯಾವುದು?” ಅಳವಡಿಸುವ ಹೊತ್ತಿನಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಒತ್ತಿದವನ ಮನೆಯ ಫೋಟೊ, ಲೆಕ್ಕಪತ್ರಗಳೆಲ್ಲ ಅಳಿಸಿಹೋಗುತ್ತವೆ. ಮೂವತ್ತು ವರ್ಷ ವ್ಯಾಕರಣ ಕಲಿಸಿದವನಿಗೆ ಇದು ಹೊಳೆದಿರಲಿಲ್ಲ.

ವಿಭಕ್ತಿಯದು ಇನ್ನೊಂದು ತೊಡಕು. ವಾಕ್ಯದ ನಡುವೆ ಯಾವುದೋ ಹೆಸರನ್ನು ಕಂಪ್ಯೂಟರು ತಾನೇ ತುಂಬುತ್ತದೆ. ‘ಮರ’ವಾದರೆ ಮರವನ್ನು, ‘ಸೀತೆ’ಯಾದರೆ ಸೀತೆಯನ್ನು, ‘ರಾಮ’ನಾದರೆ ರಾಮನನ್ನು. ಬರುವ ಹೆಸರೇ ತಿಳಿಯದಿರುವಾಗ ಯಾವ ಆಗಮ, ಯಾವ ಪ್ರತ್ಯಯ ಹಚ್ಚುವುದು? ಹೆಸರಿನ ಮುಂದೆ ‘ಎಂಬುದನ್ನು’ ಎಂದು ಸೇರಿಸಿದರೆ ಸಂಧಿಯ ಗೋಜು ತಪ್ಪುತ್ತದೆಂದು ಸೂಚಿಸಿದವಳು ಹೊಳಲ್ಕೆರೆಯವಳು. ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿ!

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಹೊಸದುರ್ಗದಿಂದ ಬಂದ ಹಾಳೆಗಳನ್ನು ತಿದ್ದಿ ಕಳುಹಿಸುವ ಹೊಣೆ ನನ್ನದಾಗಿತ್ತು. ಮಗಳ ಮನೆಯ ಗೃಹಪ್ರವೇಶ, ಆಮೇಲೆ ಕಣ್ಣಿನ ಶಸ್ತ್ರಚಿಕಿತ್ಸೆ... ಹಾಳೆಗಳು ಪಂಚಾಂಗದ ಕೆಳಗೆ ಆರು ತಿಂಗಳು ಉಳಿದವು. ಹಿರಿಯೂರಿನವನು ಎರಡು ಸಲ ವಿನಯದಿಂದ ನೆನಪಿಸಿದ. ಮೂರನೆಯ ಸಲ ದೂರವಾಣಿಯಲ್ಲಿ, “ಸಾರ್, ಹೋಂವರ್ಕ್ ತರದಿದ್ದರೆ ನೀವು ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ” ಎಂದಷ್ಟೇ ಹೇಳಿದ. ಅಂದು ರಾತ್ರಿ ಹನ್ನೊಂದೂವರೆಯವರೆಗೆ ಕುಳಿತು ತಿದ್ದಿ, ಬೆಳಗಿನ ಮೊದಲ ಬಸ್ಸಿಗೆ ಕೊಟ್ಟು ಕಳುಹಿಸಿದೆ.