ತಿಳಿಯುವ ಹಸಿವು

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ‘ನಮ್ಮ ಮೆಟ್ರೊ’ ಓಡತೊಡಗಿತು. ಜೋಗುಪಾಳ್ಯ, ಹಲಸೂರು, ಇಂದಿರಾನಗರದ ಸುತ್ತಮುತ್ತಲಿನ ಬೀದಿಗಳನ್ನು ಮೇಲಿನಿಂದ ನೋಡುವ ಅವಕಾಶ ಅಂದು ಜನರಿಗೆ ದೊರೆಯಿತು. ಮೊದಲ ದಿನಗಳಲ್ಲಿ ಹತ್ತಿದ ಅನೇಕರಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಒಂದು ತುದಿಗೆ ಹೋಗಿ, ಹಾಗೆಯೇ ಹಿಂದಿರುಗಿದರು. ಹೊಟ್ಟೆ ತುಂಬಿಸದ, ಲಾಭ ತಾರದ ಈ ಆಸೆಗೆ ಕಾರಣವೇನು?

ಮನಸ್ಸನ್ನು ಪರೀಕ್ಷಿಸಿ ಅರಿಯುವ ಶಾಸ್ತ್ರ ಕನ್ನಡ ನಾಡಿಗೆ ಹೊಸದಲ್ಲ. ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಆದರೆ ಕುತೂಹಲ ಮಾತ್ರ ಪ್ರಯೋಗಾಲಯಕ್ಕೆ ಪ್ರವೇಶ ಪಡೆದದ್ದು ತಡವಾಗಿ. ಹಸಿವು, ಬಾಯಾರಿಕೆ, ನೋವುಗಳೇ ಪ್ರಾಣಿಗಳನ್ನು ನಡೆಸುತ್ತವೆ ಎಂಬ ನಂಬಿಕೆ ಬಲವಾಗಿದ್ದ ಕಾಲವದು.

1950ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೋ ಕೋತಿಗಳ ಮುಂದೆ ಚಿಲಕಗಳ ಒಗಟನ್ನಿಟ್ಟರು. ತಿನ್ನಲು ಏನೂ ಸಿಗದಿದ್ದರೂ ಅವು ಅದನ್ನು ಬಿಡಿಸುತ್ತಲೇ ಇದ್ದವು. 1954ರಲ್ಲಿ ಡೇನಿಯಲ್ ಬರ್ಲೈನ್ ಮನುಷ್ಯರನ್ನೇ ಪರೀಕ್ಷೆಗೆ ಒಳಪಡಿಸಿದರು. ಹೊಸದನ್ನು ಕಂಡಾಗ ಕಣ್ಣರಳುವುದು ಒಂದು ಬಗೆ, ತಿಳಿವಳಿಕೆಗಾಗಿ ಹಂಬಲಿಸುವುದು ಇನ್ನೊಂದು ಬಗೆ ಎಂದು ಅವರು ವಿಂಗಡಿಸಿದರು. 1994ರಲ್ಲಿ ಜಾರ್ಜ್ ಲೋವೆನ್‌ಸ್ಟೈನ್ ಇದಕ್ಕೊಂದು ವಿವರಣೆ ಕೊಟ್ಟರು: ತಿಳಿದದ್ದಕ್ಕೂ ತಿಳಿಯಬಯಸುವುದಕ್ಕೂ ನಡುವಿನ ಕಂದರ ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ. ಏನೂ ಗೊತ್ತಿಲ್ಲದವನಿಗೆ ಆ ಕಂದರವೇ ಕಾಣದು. ಪತ್ತೇದಾರಿ ಕಾದಂಬರಿಯ ಕೊನೆಯ ಪುಟ ಹರಿದುಹೋಗಿದ್ದರೆ ಸಂಕಟಪಡುವವನು ಅಲ್ಲಿಯವರೆಗೆ ಓದಿದವನೇ.

2009ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ರಸಪ್ರಶ್ನೆ ಓದುತ್ತಿದ್ದವರ ಮಿದುಳನ್ನು ಸ್ಕ್ಯಾನರಿನಲ್ಲಿ ಗಮನಿಸಿದರು. ಬಹುಮಾನದ ನಿರೀಕ್ಷೆಯಲ್ಲಿ ಚುರುಕಾಗುವ ಭಾಗವೇ ಕುತೂಹಲದಲ್ಲೂ ಚುರುಕಾಗಿತ್ತು. ಹೆಚ್ಚು ಕುತೂಹಲ ಕೆರಳಿಸಿದ ಪ್ರಶ್ನೆಗಳ ಉತ್ತರ ದಿನಗಳು ಕಳೆದ ಮೇಲೂ ಹೆಚ್ಚಾಗಿ ನೆನಪಿನಲ್ಲಿ ಉಳಿದಿತ್ತು.

ಇದರ ಪಾಠ ಮನೆಗೂ ಶಾಲೆಗೂ ಸೇರಿದ್ದು. ನಾಲ್ಕು ಮಕ್ಕಳ ಮಾತುಗಳ ದಾಖಲೆಯನ್ನು 2007ರಲ್ಲಿ ವಿಶ್ಲೇಷಿಸಿದ ಮಿಷೆಲ್ ಶೂನಾರ್, ಮನೆಯಲ್ಲಿ ದೊಡ್ಡವರೊಡನೆ ಮಾತಾಡುವಾಗ ಅವು ಗಂಟೆಗೆ ಸರಾಸರಿ 76 ತಿಳಿವಳಿಕೆಯ ಪ್ರಶ್ನೆ ಕೇಳುತ್ತಿದ್ದವೆಂದು ಕಂಡುಕೊಂಡರು. ಸರಿಯಾದ ಉತ್ತರ ಸಿಗದಿದ್ದರೆ ಮತ್ತೆ ಕೇಳುತ್ತಿದ್ದವು. ಆದರೆ ಅಮೆರಿಕದ ಶಾಲೆಗಳಲ್ಲಿ ಕುಳಿತು ಗಮನಿಸಿದ ಸೂಸನ್ ಎಂಗೆಲ್ ಅವರಿಗೆ ತರಗತಿಗಳಲ್ಲಿ ಅಂಥ ಪ್ರಶ್ನೆಗಳು ವಿರಳವಾಗಿ ಕಂಡವು. ಮೇಲಿನ ತರಗತಿಗಳಲ್ಲಿ ಇನ್ನೂ ವಿರಳ.

ತಿಳಿಯುವ ಬಯಕೆಗೆ ‘ಜಿಜ್ಞಾಸೆ’ ಎಂಬ ಗೌರವದ ಹೆಸರು ನಮ್ಮಲ್ಲಿದೆ. ಆದರೆ ಅದೇ ಬಯಕೆ ಮಗುವಿನ ಬಾಯಲ್ಲಿ ಪ್ರಶ್ನೆಯಾಗಿ ಬಂದರೆ ‘ಅಧಿಕಪ್ರಸಂಗಿ’ ಎಂಬ ಬೈಗುಳ ಸಿದ್ಧವಾಗಿರುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ‘ಬಾ, ನೋಡೋಣ’ ಎಂದರೂ ಸಾಕು. ಎಲ್ಲಿಗೂ ಹೋಗುವುದಿಲ್ಲದೆ ಮೆಟ್ರೊ ಹತ್ತಿದ ಹಿರಿಯರು ಅಂದು ಮಾಡಿದ್ದೂ ಅದನ್ನೇ.