ವಾಕರ್ ಆಯ್ಕೆ: ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಪ್ರಮುಖ ಬೆಳೆಯಾಗಿರುತ್ತದೆ. ಇಲ್ಲಿನ ಗ್ರಾಮಗಳಲ್ಲಿ ನಡೆದಾಡಲು ಆಸರೆಯ ಅಗತ್ಯವಿರುವವರನ್ನು ಮುಖ್ಯವಾಗಿ ಎರಡು ವರ್ಗಗಳಾಗಿ ಗುರುತಿಸಬಹುದು. ಮಂಡಿ ಸವೆತ, ಸೊಂಟದ ಮೂಳೆ ಮುರಿತ, ಪಾರ್ಶ್ವವಾಯು, ಕಂಪವಾತ ಮುಂತಾದ ಕಾರಣಗಳಿಂದ ನಡಿಗೆ ಕುಂದಿರುವ ಹಿರಿಯ ನಾಗರಿಕರು ಮೊದಲನೆಯ ವರ್ಗದವರು. ತೆಂಗಿನ ಮರದಿಂದ ಬಿದ್ದು ಕಾಲು, ಹಿಮ್ಮಡಿ, ಸೊಂಟ ಅಥವಾ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡವರು ಎರಡನೆಯ ವರ್ಗದವರು. ಇವರು ಸಾಮಾನ್ಯವಾಗಿ ದುಡಿಯುವ ವಯಸ್ಸಿನವರು.

ಈ ಎರಡೂ ವರ್ಗದವರಿಗೆ ಮನೆಯವರು ಬಹುತೇಕ ಒಂದೇ ಬಗೆಯ ವಾಕರ್ ತಂದುಕೊಡುತ್ತಾರೆ. ಅಂಗಡಿಯಲ್ಲಿ ದೊರೆತದ್ದನ್ನು ಅಳತೆ ನೋಡದೆ ಕೊಂಡು ತರುವುದೂ, ಕೆಲವು ತಿಂಗಳುಗಳಲ್ಲಿ ಅದು ಅಟ್ಟ ಸೇರುವುದೂ ಅಥವಾ ಬಟ್ಟೆ ಒಣಹಾಕುವ ಚೌಕಟ್ಟಾಗುವುದೂ ಅಪರೂಪವೇನಲ್ಲ. ಇದರಿಂದ ಹಣ ಪೋಲಾಗುವುದಷ್ಟೇ ಆದರೆ ಚಿಂತೆಯಿರಲಿಲ್ಲ. ಹೊಂದಾಣಿಕೆಯಾಗದ ವಾಕರ್ ಬಳಸುವವರನ್ನು ಬೀಳಿಸುತ್ತದೆ. ವಯಸ್ಸಾದವರಲ್ಲಿ ಎರಡನೆಯ ಬಾರಿಯ ಬೀಳುವಿಕೆಯು ಹಾಸಿಗೆ ಹಿಡಿಯಲು ಕಾರಣವಾಗಬಹುದು. ಆದ್ದರಿಂದ ವ್ಯಕ್ತಿಯ ಕೈಕಾಲುಗಳ ಶಕ್ತಿಯನ್ನೂ ಆತನು ಅಥವಾ ಆಕೆ ದಿನನಿತ್ಯ ನಡೆಯುವ ನೆಲವನ್ನೂ ನೋಡಿದ ನಂತರವೇ ವಾಕರ್ ಆಯ್ಕೆ ಮಾಡುವುದು ಅವಶ್ಯಕ.

ವಾಕರ್ ಯಾರಿಗೆ ಬೇಕು, ಯಾರಿಗೆ ಬೇಡ

ಮಂಡಿನೋವು ಇರುವವರೆಲ್ಲರಿಗೂ ವಾಕರ್ ಬೇಕಾಗುವುದಿಲ್ಲ. ಒಂದು ಮಂಡಿಯಲ್ಲಿ ಮಾತ್ರ ನೋವಿದ್ದು ಸಮತೋಲನ ಸರಿಯಿದ್ದಲ್ಲಿ ಊರುಗೋಲು ಸಾಕಾಗುತ್ತದೆ. ಊರುಗೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯತಕ್ಕದ್ದು. ನೋವಿರುವ ಬದಿಯಲ್ಲೇ ಹಿಡಿಯುವ ರೂಢಿ ವ್ಯಾಪಕವಾಗಿದ್ದರೂ ಅದು ಸರಿಯಾದ ಕ್ರಮವಲ್ಲ. ಎರಡೂ ಕಾಲುಗಳು ದುರ್ಬಲವಾಗಿದ್ದರೆ, ನಿಂತಾಗ ತೂರಾಡುವಂತಿದ್ದರೆ ಅಥವಾ ಶಸ್ತ್ರಚಿಕಿತ್ಸೆಯ ನಂತರ ಒಂದು ಕಾಲಿನ ಮೇಲೆ ಭಾರ ಹಾಕಬಾರದೆಂದು ವೈದ್ಯರು ಸೂಚಿಸಿದ್ದರೆ ವಾಕರ್ ಅಗತ್ಯವಾಗುತ್ತದೆ.

ಪಾರ್ಶ್ವವಾಯುವಿನಿಂದ ಒಂದು ಕೈ ಸ್ವಾಧೀನ ತಪ್ಪಿದವರಿಗೆ ಸಾಮಾನ್ಯ ವಾಕರ್ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅದಕ್ಕೆ ಎರಡೂ ಕೈಗಳ ಹಿಡಿತ ಬೇಕು. ಅಂತಹವರಿಗೆ ನಾಲ್ಕು ಪಾದಗಳುಳ್ಳ ಊರುಗೋಲು ಸೂಕ್ತ. ಕಂಪವಾತ ಇರುವವರು ಎತ್ತಿಡುವ ವಾಕರ್ ಬಳಸಿದರೆ ಪ್ರತಿ ಹೆಜ್ಜೆಗೂ ನಡಿಗೆ ತಡೆದು ನಿಲ್ಲುವ ಸಂಭವವಿದ್ದು, ಚಕ್ರವುಳ್ಳದ್ದನ್ನು ಪರಿಗಣಿಸಬೇಕಾಗುತ್ತದೆ.

ವಾಕರ್‌ನ ವಿಧಗಳು

ಎತ್ತಿಡುವ ವಾಕರ್: ಅಲ್ಯೂಮಿನಿಯಂ ಕೊಳವೆಗಳಿಂದ ತಯಾರಾದ, ನಾಲ್ಕು ಕಾಲುಗಳಿಗೂ ರಬ್ಬರ್ ಬಿರಡೆ ಇರುವ ಮಡಚುವ ಚೌಕಟ್ಟು. ಎಲ್ಲಾ ವಿಧಗಳಲ್ಲಿ ಹೆಚ್ಚು ಸ್ಥಿರವಾದುದು ಇದೇ. ಆದರೆ ಪ್ರತಿ ಹೆಜ್ಜೆಗೂ ಎತ್ತಿ ಮುಂದಿಡಬೇಕಾದ್ದರಿಂದ ತೋಳುಗಳಲ್ಲಿ ಶಕ್ತಿಯೂ, ಎತ್ತಿದ ಕ್ಷಣದಲ್ಲಿ ಆಸರೆಯಿಲ್ಲದೆ ನಿಲ್ಲುವ ಸಮತೋಲನವೂ ಬೇಕು. ಮೂಳೆ ಮುರಿತದ ನಂತರ ಒಂದು ಕಾಲಿಗೆ ಭಾರ ನಿಷೇಧಿಸಿರುವವರಿಗೆ ಸಾಮಾನ್ಯವಾಗಿ ಇದನ್ನೇ ಸೂಚಿಸಲಾಗುತ್ತದೆ.

ಎಡಬಲ ಸರಿಯುವ ವಾಕರ್: ನೋಡಲು ಮೇಲಿನಂತೆಯೇ ಇದ್ದು, ಎಡ ಮತ್ತು ಬಲ ಭಾಗಗಳು ಪ್ರತ್ಯೇಕವಾಗಿ ಮುಂದೆ ಸರಿಯುತ್ತವೆ. ಚೌಕಟ್ಟನ್ನು ಪೂರ್ತಿ ಎತ್ತಲಾರದವರಿಗೆ ಅನುಕೂಲ. ಕೆಲವು ಮಾದರಿಗಳಲ್ಲಿ ಒಂದು ಗುಂಡಿಯ ಮೂಲಕ ಇದನ್ನೇ ಸ್ಥಿರ ವಾಕರ್ ಆಗಿ ಬದಲಿಸಬಹುದು. ಕೊಳ್ಳುವಾಗ ಆ ಗುಂಡಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅಂಗಡಿಯಲ್ಲಿಯೇ ಕೇಳಿ ತಿಳಿಯಬೇಕು. ಸ್ಥಿರವೆಂದು ನಂಬಿ ಭಾರ ಹಾಕಿದಾಗ ಒಂದು ಬದಿ ಸರಿದರೆ ಅಪಾಯ.

ಮುಂಭಾಗದಲ್ಲಿ ಎರಡು ಚಕ್ರಗಳುಳ್ಳ ವಾಕರ್: ಎತ್ತುವ ಬದಲು ತಳ್ಳಿದರೆ ಸಾಕು. ನುಣುಪಾದ ನೆಲದ ಮನೆಗೆ ಒಪ್ಪುತ್ತದೆ. ಚಿಕ್ಕ ಚಕ್ರಗಳು ಹೊಸ್ತಿಲಿಗೂ ಚಪ್ಪಡಿಗಳ ಸಂದಿಗೂ ಸಿಕ್ಕಿಕೊಳ್ಳುತ್ತವೆ.

ನಾಲ್ಕು ಚಕ್ರ, ಕೈಬ್ರೇಕ್ ಹಾಗೂ ಆಸನವುಳ್ಳ ವಾಕರ್: ಗ್ರಾಮದ ಸಿಮೆಂಟ್ ರಸ್ತೆಯಲ್ಲಿ ದೇವಸ್ಥಾನದವರೆಗೋ ಹಾಲಿನ ಡೇರಿಯವರೆಗೋ ಹೋಗಿಬರುವ, ದಾರಿಯಲ್ಲಿ ಕುಳಿತು ದಣಿವಾರಿಸಿಕೊಳ್ಳಬೇಕಾದ ವ್ಯಕ್ತಿಗೆ ಉಪಯುಕ್ತ. ಇದರ ಮೇಲೆ ಮೈಭಾರ ಪೂರ್ತಿ ಹಾಕುವಂತಿಲ್ಲ. ಬ್ರೇಕ್ ಹಾಕದೆ ಕುಳಿತಲ್ಲಿ ಹಿಂದಕ್ಕೆ ಜಾರುತ್ತದೆ. ಮರೆವಿನ ಕಾಯಿಲೆ ಇರುವವರಿಗೆ ಇದನ್ನು ಕೊಡದಿರುವುದೇ ಲೇಸು.

ಮಿದುಳಿನ ಪಾರ್ಶ್ವವಾಯು ಇರುವ ಮಕ್ಕಳಿಗೆ ಬೆನ್ನ ಹಿಂದೆ ಎಳೆದುಕೊಂಡು ಹೋಗುವ ಪ್ರತ್ಯೇಕ ವಾಕರ್‌ಗಳಿದ್ದು, ಅವುಗಳನ್ನು ತಜ್ಞರ ತಪಾಸಣೆಯಿಲ್ಲದೆ ಕೊಳ್ಳಬಾರದು.

ಅಳತೆ

ವ್ಯಕ್ತಿಯು ದಿನವೂ ಧರಿಸುವ ಪಾದರಕ್ಷೆ ಹಾಕಿ ನೇರವಾಗಿ ನಿಂತು, ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೆಯೋ ಆ ಮಟ್ಟಕ್ಕೆ ವಾಕರ್‌ನ ಹಿಡಿ ಇರಬೇಕು. ಹಿಡಿದಾಗ ಮೊಣಕೈ ಸುಮಾರು 15ರಿಂದ 30 ಡಿಗ್ರಿಯಷ್ಟು ಬಾಗಿರಬೇಕು. ಹಿಡಿ ತಗ್ಗಾದರೆ ಬೆನ್ನು ಬಾಗುತ್ತದೆ, ಎತ್ತರವಾದರೆ ಭುಜ ನೋಯುತ್ತದೆ ಹಾಗೂ ತೋಳಿನ ಬಲ ಕೆಳಗಿಳಿಯುವುದಿಲ್ಲ. ಕಾಲುಗಳಲ್ಲಿರುವ ಗುಂಡಿಗಳನ್ನು ಒತ್ತಿ ಎತ್ತರ ಸರಿಪಡಿಸಬಹುದು. ನಾಲ್ಕೂ ಗುಂಡಿಗಳು ಒಂದೇ ಸಂಖ್ಯೆಯ ರಂಧ್ರದಲ್ಲಿ ಪೂರ್ತಿ ಹೊರಬಂದಿರುವುದನ್ನು ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳತಕ್ಕದ್ದು. ತೂಕದ ಮಿತಿಯನ್ನು ಉಪಕರಣದ ಚೀಟಿಯಲ್ಲಿ ನಮೂದಿಸಿರುತ್ತಾರೆ. ರಸೀದಿ ಪಡೆಯುವುದನ್ನು ಮರೆಯಬಾರದು.

ಅಂಗಡಿಗೆ ಹೋಗುವ ಮುನ್ನ ಮನೆಯ ಬಾಗಿಲುಗಳ ಅಗಲವನ್ನೂ ಬರೆದಿಟ್ಟುಕೊಳ್ಳುವುದು ಸೂಕ್ತ. ಹಳೆಯ ತೊಟ್ಟಿಮನೆಗಳ ಒಳಬಾಗಿಲು, ಬಚ್ಚಲುಮನೆ ಬಾಗಿಲುಗಳು ಕಿರಿದಾಗಿರುತ್ತವೆ. ಬಚ್ಚಲಿನೊಳಕ್ಕೆ ಹೋಗದ ವಾಕರ್‌ನ್ನು ಹೊರಗೆ ಬಿಟ್ಟು ಗೋಡೆ ಹಿಡಿದು ಒಳಹೋಗುವಾಗಲೇ ಜಾರುವ ಅಪಾಯ ಹೆಚ್ಚು. ಅಲ್ಲಿ ಗೋಡೆಗೆ ಹಿಡಿಗಂಬಿ ಅಳವಡಿಸಿದಲ್ಲಿ ಅದಕ್ಕೆ ತಗಲುವ ವೆಚ್ಚ ಅಲ್ಪವೇ.

ತೆಂಗಿನ ಸೀಮೆಯ ಮನೆ ಮತ್ತು ತೋಟ

ವಾಕರ್ ಕುರಿತ ಸಾಮಾನ್ಯ ಕೈಪಿಡಿಗಳು ಸಮತಟ್ಟಾದ ನೆಲವನ್ನು ಊಹಿಸಿ ಬರೆದಂತಹವು. ಈ ತಾಲ್ಲೂಕುಗಳ ಪರಿಸ್ಥಿತಿ ಬೇರೆ. ಜಗುಲಿಯ ಮೆಟ್ಟಿಲು, ಎತ್ತರದ ಹೊಸ್ತಿಲು, ಒದ್ದೆಯಾದರೆ ಜಾರುವ ಗಾರೆ ನೆಲ, ಅಂಗಳದಲ್ಲಿ ಒಣಹಾಕಿದ ಕೊಬ್ಬರಿ, ಅದರಾಚೆ ತೋಟ, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ತೋಟದೊಳಗೆ ಯಾವ ವಾಕರ್ ಕೂಡ ಸುರಕ್ಷಿತವಲ್ಲ. ಉಳುಮೆ ಮಾಡಿದ ಮಣ್ಣಿನಲ್ಲಿ ಕಾಲುಗಳು ಹೂತುಕೊಳ್ಳುತ್ತವೆ. ಮರದ ಬುಡದ ಪಾತಿ, ಹನಿ ನೀರಾವರಿಯ ಕೊಳವೆ, ಬಿದ್ದ ಗರಿ, ಮಟ್ಟೆ, ಚಿಪ್ಪುಗಳು ಎಡವಿಸುತ್ತವೆ. ಆದರೆ ಐವತ್ತು ವರ್ಷ ತೋಟ ನೋಡಿಕೊಂಡವರಿಗೆ ತೋಟಕ್ಕೆ ಹೋಗಬೇಡಿ ಎಂದರೆ ಅವರು ಕೇಳುವುದಿಲ್ಲ, ಮನೆಯವರು ಇಲ್ಲದಾಗ ಹೋಗುತ್ತಾರೆ. ಆದ್ದರಿಂದ ನಿಷೇಧಿಸುವುದಕ್ಕಿಂತ ದಾರಿ ಮಾಡಿಕೊಡುವುದು ಕಾರ್ಯಸಾಧ್ಯ. ಮನೆಯಿಂದ ದನದ ಕೊಟ್ಟಿಗೆಗೆ, ಅಲ್ಲಿಂದ ತೋಟದ ಅಂಚಿನವರೆಗೆ ಮೂರು ಅಡಿ ಅಗಲದ ದಮ್ಮಸ್ಸು ಮಾಡಿದ ಅಥವಾ ಕಲ್ಲುಚಪ್ಪಡಿ ಹಾಸಿದ ಹಾದಿಯೊಂದು, ಅದರ ಕೊನೆಯಲ್ಲಿ ನೆರಳಿನಡಿ ಕುಳಿತುಕೊಳ್ಳಲು ಒಂದು ಕಲ್ಲುಬೆಂಚು ಇದ್ದಲ್ಲಿ, ಅವರು ಅಲ್ಲಿಂದಲೇ ಕಾಯಿ ಕೀಳಿಸುವ ಕೆಲಸ ನೋಡಿಕೊಳ್ಳಬಹುದು.

ಹೊಸ್ತಿಲಿಗೆ ಸಂಬಂಧಿಸಿದಂತೆ, ಅದನ್ನು ಕೀಳಿಸಲು ಅಥವಾ ಅದರ ಮೇಲೆ ಸಿಮೆಂಟ್ ಹಾಕಲು ಬಹುಪಾಲು ಮನೆಗಳವರು ಒಪ್ಪುವುದಿಲ್ಲ. ಇದು ಸಹಜ. ಎರಡೂ ಬದಿಗೆ ತೆಗೆದಿಡಬಹುದಾದ ಮರದ ಇಳಿಜಾರು ಹಲಗೆ ಮಾಡಿಸಿಕೊಂಡರೆ ಪೂಜೆಯ ವೇಳೆ ಹಲಗೆಯನ್ನು ಸರಿಸಬಹುದು. ಇಳಿಜಾರು 1ಕ್ಕೆ 12ರ ಪ್ರಮಾಣದಲ್ಲಿರಬೇಕು, ಅಂದರೆ 10 ಸೆಂಟಿಮೀಟರ್ ಎತ್ತರದ ಹೊಸ್ತಿಲಿಗೆ 120 ಸೆಂಟಿಮೀಟರ್ ಉದ್ದದ ಹಲಗೆ. ಹಲಗೆಯ ಕೆಳಗೆ ಸರಿಯದಂತೆ ತಡೆ ಇರತಕ್ಕದ್ದು. ಮೆಟ್ಟಿಲುಗಳ ಮೇಲೆ ವಾಕರ್ ಬಳಸಲೇಬಾರದು. ಅಲ್ಲಿ ಕೈಗಂಬಿ ಮತ್ತು ಒಬ್ಬರ ಸಹಾಯ ಬೇಕು.

ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕಾಗಿದೆ. ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸವನ್ನು ಮಹಿಳೆಯರು ನೆಲದ ಮೇಲೆ ಕುಳಿತು ದಿನಗಟ್ಟಲೆ ಮಾಡುತ್ತಾರೆ. ಮಂಡಿ ಸವೆದ ಮೇಲೂ ಈ ಆದಾಯವನ್ನು ಬಿಡಲಾಗದವರು ಅನೇಕರು. ನೆಲದಿಂದ ಮೇಲೇಳಲು ವಾಕರ್ ಹಿಡಿದು ಎಳೆದರೆ ಅದು ಮೈಮೇಲೆ ಮಗುಚುತ್ತದೆ. ವಾಕರ್ ನಡೆಯಲು ಮಾತ್ರ, ಏಳಲು ಅಲ್ಲ. ಕುಳಿತಾಗ ಪಾದ ನೆಲಕ್ಕೆ ಊರುವ, ಮಂಡಿಯ ಮಟ್ಟದ ಗಟ್ಟಿ ಆಸನ ಮತ್ತು ಕೊಬ್ಬರಿ ಇಡಲು ಎದುರಿಗೆ ಎತ್ತರದ ಮಣೆ ಇಲ್ಲವೇ ಮೇಜು ಒದಗಿಸಿದಲ್ಲಿ ಅವರು ಕೆಲಸವನ್ನೂ ಮಾಡಬಹುದು, ಆಸನದ ಅಂಚನ್ನು ಒತ್ತಿ ತಾವೇ ಏಳಬಹುದು. ವಾಕರ್‌ಗೆ ಖರ್ಚು ಮಾಡುವ ಕುಟುಂಬವು ಈ ಎತ್ತರದ ಆಸನಕ್ಕೂ ಖರ್ಚು ಮಾಡದಿದ್ದರೆ ವಾಕರ್‌ನಿಂದ ಅರ್ಧ ಪ್ರಯೋಜನವೂ ದೊರೆಯುವುದಿಲ್ಲ. ಶೌಚಾಲಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ನೆಲಮಟ್ಟದ ಶೌಚಾಲಯದ ಮೇಲೆ ಇಡುವ ರಂಧ್ರವುಳ್ಳ ಕುರ್ಚಿಗಳು ಲಭ್ಯವಿರುತ್ತವೆ.

ಮರದಿಂದ ಬಿದ್ದವರ ವಿಷಯ

ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತುವುದಾಗಲಿ, ದ್ವಿಚಕ್ರ ವಾಹನದ ಮಧ್ಯೆ ಕೂರಿಸಿಕೊಂಡು ಹೋಗುವುದಾಗಲಿ ಕೂಡದು. ಬೆನ್ನುಮೂಳೆ ಮುರಿದಿದ್ದಲ್ಲಿ ಇದರಿಂದ ನರಹುರಿಗೆ ಮತ್ತಷ್ಟು ಹಾನಿಯಾಗಬಹುದು. 108ಕ್ಕೆ ಕರೆ ಮಾಡಿ, ಕುತ್ತಿಗೆ ಮತ್ತು ಬೆನ್ನು ಅಲುಗದಂತೆ ನೋಡಿಕೊಳ್ಳಬೇಕು.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ವೈದ್ಯರನ್ನು ಒಂದು ಪ್ರಶ್ನೆ ತಪ್ಪದೇ ಕೇಳಬೇಕು: ಪೆಟ್ಟಾದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಸ್ವಲ್ಪವೂ ಇಲ್ಲವೇ, ಭಾಗಶಃವೇ, ಅಥವಾ ತಾಳುವಷ್ಟೇ? ಉತ್ತರವನ್ನು ಬಿಡುಗಡೆ ಚೀಟಿಯಲ್ಲಿ ಬರೆಯಿಸಿಕೊಳ್ಳುವುದು ಒಳಿತು. ಮೂಳೆ ಕೂಡುವವರೆಗಿನ ಕೆಲವು ತಿಂಗಳುಗಳಿಗೆ ಮಾತ್ರ ವಾಕರ್ ಬೇಕಾಗುವಲ್ಲಿ ಹೊಸದನ್ನು ಕೊಳ್ಳುವ ಬದಲು ನೆರೆಹೊರೆಯಲ್ಲಿ ಬಳಸದೆ ಇಟ್ಟಿರುವುದನ್ನು ಪಡೆದು, ಬಿರಡೆ ಬದಲಾಯಿಸಿ, ಎತ್ತರ ಸರಿಪಡಿಸಿ ಬಳಸಬಹುದು.

ನರಹುರಿಗೆ ಹಾನಿಯಾಗಿ ಎರಡೂ ಕಾಲುಗಳ ಸ್ವಾಧೀನ ತಪ್ಪಿದವರ ವಿಷಯ ಬೇರೆ. ಅವರಿಗೆ ಮೊದಲು ಬೇಕಾಗುವುದು ಅಳತೆಗೆ ತಕ್ಕ ಗಾಲಿಕುರ್ಚಿ ಮತ್ತು ಒತ್ತಡದ ಹುಣ್ಣಾಗದಂತೆ ತಡೆಯುವ ಮೆತ್ತೆ. ನಡೆಯಲೇಬೇಕೆಂಬ ಹಂಬಲದಿಂದ ವಾಕರ್ ಹಿಡಿಸಿ ನಿಲ್ಲಿಸುವ ಪ್ರಯತ್ನಗಳು ಸ್ಪರ್ಶಜ್ಞಾನವಿಲ್ಲದ ಪಾದಗಳಿಗೆ ಗಾಯ ಮಾಡುತ್ತವೆ. ಭಾಗಶಃ ಶಕ್ತಿ ಉಳಿದಿರುವವರು ಕಾಲಿಗೆ ಕ್ಯಾಲಿಪರ್ ಧರಿಸಿ ವಾಕರ್‌ನಿಂದ ನಡೆಯಲು ಸಾಧ್ಯವಿದ್ದು, ಅದು ಫಿಸಿಯೋಥೆರಪಿಸ್ಟರ ಮೇಲ್ವಿಚಾರಣೆಯಲ್ಲಿಯೇ ಆಗತಕ್ಕದ್ದು. ಗಾಲಿಕುರ್ಚಿಯನ್ನು ಸೋಲೆಂದು ಭಾವಿಸುವ ಕುಟುಂಬಗಳಿಗೆ ಇದನ್ನು ತಾಳ್ಮೆಯಿಂದ ತಿಳಿಸಬೇಕಾಗುತ್ತದೆ.

ಮರ ಏರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯು ಕೇರ ಸುರಕ್ಷಾ ಎಂಬ ಅಪಘಾತ ವಿಮಾ ಯೋಜನೆಯನ್ನು ಜಾರಿಗೆ ತಂದಿರುತ್ತದೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ತೋಟದ ಮಾಲೀಕರು ತಮ್ಮಲ್ಲಿಗೆ ಬರುವ ಕೆಲಸಗಾರರು ವಿಮೆ ಹೊಂದಿರುವುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಎರಡೂ ಕಡೆಯವರಿಗೆ ಹಿತ.

ನಡೆಯುವ ಕ್ರಮ

ಮೊದಲು ವಾಕರ್, ನಂತರ ದುರ್ಬಲ ಕಾಲು, ಕೊನೆಗೆ ಗಟ್ಟಿ ಕಾಲು. ವಾಕರ್‌ನ್ನು ಒಂದು ತೋಳಳತೆಗಿಂತ ಮುಂದೆ ಇಡಬಾರದು, ಮುಂದಿನ ಅಡ್ಡಪಟ್ಟಿಗೆ ಕಾಲು ತಾಗುವಷ್ಟು ಒಳಗೂ ಹೋಗಬಾರದು. ಕುಳಿತುಕೊಳ್ಳುವಾಗ ಹಿಂದೆ ಸರಿದು, ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಿದ ಮೇಲೆ ಒಂದೊಂದೇ ಕೈಯನ್ನು ಕುರ್ಚಿಗೆ ತರಬೇಕು. ಹಿಡಿಗೆ ಭಾರವಾದ ಚೀಲ, ನೀರಿನ ಬಿಂದಿಗೆ ತೂಗುಹಾಕುವುದು ವರ್ಜ್ಯ.

ಉಚಿತವಾಗಿ ಪಡೆಯುವ ವಿಧಾನ

ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯು 2017ರಲ್ಲಿ ಪ್ರಾರಂಭವಾಗಿದ್ದು, 60 ವರ್ಷ ಮೇಲ್ಪಟ್ಟ, ಬಡತನ ರೇಖೆಗಿಂತ ಕೆಳಗಿರುವ ಅಥವಾ ಮಾಸಿಕ ವರಮಾನ ರೂ. 15,000 ಮೀರದ ಹಿರಿಯ ನಾಗರಿಕರಿಗೆ ವಾಕರ್ ಸೇರಿದಂತೆ ಸಾಧನಗಳನ್ನು ಉಚಿತವಾಗಿ ನೀಡಲಾಗುತ್ತದೆ. ಇದಕ್ಕೆ ವಿಕಲಚೇತನರ ಗುರುತಿನ ಚೀಟಿಯ ಅಗತ್ಯವಿಲ್ಲ. 1981ರಿಂದ ಜಾರಿಯಲ್ಲಿರುವ ಅಡಿಪ್ ಯೋಜನೆಯಡಿ ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯ ಪ್ರಮಾಣಪತ್ರ ಹೊಂದಿರುವವರು ವರಮಾನ ಮಿತಿಗೆ ಒಳಪಟ್ಟು ಸೌಲಭ್ಯ ಪಡೆಯಬಹುದು. ಎರಡೂ ಯೋಜನೆಗಳ ಸಾಧನಗಳನ್ನು ಪೂರೈಸುವ ಪ್ರಮುಖ ಸಂಸ್ಥೆ 1972ರಲ್ಲಿ ಸ್ಥಾಪಿತವಾದ, ಕಾನ್ಪುರದ ಅಲಿಂಕೋ.

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ಸಂಪರ್ಕಿಸಿದಲ್ಲಿ ಶಿಬಿರದ ದಿನಾಂಕ ಹಾಗೂ ಅಗತ್ಯ ದಾಖಲೆಗಳ ವಿವರ ದೊರೆಯುತ್ತದೆ. ಹಿರಿಯ ನಾಗರಿಕರ ಸಹಾಯವಾಣಿ ಸಂಖ್ಯೆ 14567. ತಪಾಸಣಾ ಶಿಬಿರ ಮೊದಲು, ವಿತರಣಾ ಶಿಬಿರ ನಂತರ ನಡೆಯುವುದರಿಂದ ಕಾಲಾವಕಾಶ ಹಿಡಿಯುತ್ತದೆ. ತಪಾಸಣೆಗೆ ಬಳಸುವ ವ್ಯಕ್ತಿಯೇ ಬರಬೇಕು. ಅವರ ಪರವಾಗಿ ಮಗನೋ ಸೊಸೆಯೋ ಬಂದರೆ ಅಳತೆ ಸಾಧ್ಯವಿಲ್ಲ. ವಿತರಣೆಯ ದಿನ ಸಾಧನವನ್ನು ಹಿಡಿದು ಛಾಯಾಚಿತ್ರಕ್ಕೆ ನಿಲ್ಲುವುದಕ್ಕೆ ಮುನ್ನ ಎತ್ತರ ಸರಿಪಡಿಸಿಕೊಂಡು ಹತ್ತು ಹೆಜ್ಜೆ ನಡೆದು ನೋಡುವುದು ಫಲಾನುಭವಿಯ ಹಕ್ಕು.

ನಿರ್ವಹಣೆ

ರಬ್ಬರ್ ಬಿರಡೆಯ ತಳದ ಗೆರೆಗಳು ಅಳಿಸಿದ ಕೂಡಲೇ ಬದಲಾಯಿಸಬೇಕು. ಗಟ್ಟಿ ನೆಲದಲ್ಲಿ ಇವು ಬೇಗ ಸವೆದು ಒಳಗಿನ ಲೋಹ ಹೊರಬರುತ್ತದೆ, ಆಗ ವಾಕರ್ ಗಾರೆ ನೆಲದ ಮೇಲೆ ಜಾರುತ್ತದೆ. ಬಿರಡೆ ಕೊಳ್ಳಲು ಹೋಗುವಾಗ ಹಳೆಯದೊಂದನ್ನು ಮಾದರಿಗೆ ಒಯ್ಯುವುದು, ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಸೂಕ್ತ. ಮಡಚುವ ಕೀಲು ಮತ್ತು ತಿರುಪುಗಳು ಸಡಿಲಗೊಂಡಿಲ್ಲವೆಂದು ತಿಂಗಳಿಗೊಮ್ಮೆ ಪರೀಕ್ಷಿಸತಕ್ಕದ್ದು.